ಕೊಂಬಿನೊಳಗಿನ ಗೂಡು

ಕೊಂಬಿನೊಳಗೆ ಕೈ ಹಾಕಿದ್ದೇ ತಡ, ಇನ್‌ಸ್ಪೆಕ್ಟರ್ ಪ್ರೇಮಲತಾಳ ಬೆರಳನ್ನು ಏನೋ ಬಲವಾಗಿ ಕುಕ್ಕಿತು.

"ಹಾವಾ ಮೇಡಂ?" ಹೆಡ್ ಕಾನ್‌ಸ್ಟೇಬಲ್ ಹನುಮಂತಪ್ಪ ಥಟ್ಟನೆ ಹಿಂದೆ ಸರಿದು ಮೆಟ್ಟಿಲ ಬಳಿ ನಿಂತ. "ಹೆದರಬ್ಯಾಡ್ರಿ, ನಾನಿದೀನಿ."

"ನೀವು ಎಲ್ಲಿದೀರಿ ಅನ್ನೋದು ಕಾಣ್ತಾ ಐತೆ, ಸುಮ್ನಿರಿ."

ಒಳಗಿನಿಂದ ಒಂದು ಪಾರಿವಾಳ ರಪ್ಪನೆ ಹೊರಬಿದ್ದು, ಅವಳ ಟೋಪಿ ಸವರಿಕೊಂಡು ಹಾರಿ, ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತಿತು. ಕೂತು, ಬಯ್ಯುವ ಹಾಗೆ ಗುಟುರು ಹಾಕತೊಡಗಿತು.

ಹರಿಹರದ ಹೊಳೆದಂಡೆಯ ಓಣಿಯಲ್ಲಿ ಅಂಜಿನವ್ವನ ಮನೆಯ ತಾರಸಿ ಅದು. ಕೊಂಬು ಅಂದರೆ ಮಂಡಿಪೇಟೆಯ ಕರೀಂ ಸಾಬ್ ಟ್ರಂಕಿನ ತಗಡಿನಲ್ಲಿ ಮಡಿಸಿಕೊಟ್ಟ ಸೊಂಟದೆತ್ತರದ ಚೌಕ ಲಾಳಿಕೆ. ಬಾಯಿ ಆಕಾಶಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿದೆ. ಇಂಥದ್ದೇ ಇನ್ನೊಂದು ದಾವಣಗೆರೆ ದಾರಿಯ ಬಾತಿಯಲ್ಲಿದೆ. ಪ್ರತಿ ಸಂಜೆ ಎರಡೂ ಒಂದೇ ಕಡೆ ಬಾಯಿ ತೆರೆದು, ನಕ್ಷತ್ರಗಳ ನಡುವೆ ಹರಡಿಕೊಂಡ ತಟಸ್ಥ ಜಲಜನಕದ ಸಣ್ಣ ದನಿಯನ್ನು ಹಿಡಿಯಬೇಕು. ಹಿಡಿದದ್ದು ಕಂಪ್ಯೂಟರಿನಲ್ಲಿ ಒಂದು ಗೆರೆಯಾಗುತ್ತದೆ.

ಪ್ರೇಮಲತಾ ಟಾರ್ಚಿನ ಬೆಳಕು ಬಿಟ್ಟಳು. ಕೊಂಬಿನ ತಳದಲ್ಲಿ ಕಡ್ಡಿ, ತೆಂಗಿನ ನಾರು, ಒಂದು ತುಂಡು ಕೆಂಪು ವೈರು. ಅದರ ಮೇಲೆ ಒಂದಕ್ಕೊಂದು ಒತ್ತಿಕೊಂಡ ಎರಡು ಮರಿ. ಎರಡಕ್ಕೂ ರೆಕ್ಕೆಯ ಪುಕ್ಕ ಬಲಿತಿತ್ತು.

"ಹನುಮಂತಪ್ನೋರೇ, ಮರಿ ಇಷ್ಟು ದೊಡ್ಡದಾಗಾಕೆ ಎಷ್ಟು ದಿನ ಬೇಕು?"

"ನಮ್ಮೂರಾಗ ಸಾಕಿದ್ವಿ ಮೇಡಂ. ಮೊಟ್ಟೆ ಇಟ್ಟು, ಕಾವು ಕುಂತು, ಗುಟುಕು ಕೊಟ್ಟು... ಒಂದು ತಿಂಗಳಂತೂ ಬೇಕೇ ಬೇಕ್ರಿ."

"ಮಂಗಳವಾರ ಸಂಜೆ ಇದೇ ಕೊಂಬಿನ ಬಾಯಿಗೆ ಒದ್ದೆ ಗೋಣಿಚೀಲ ಹೊದಿಸಿದೆ ಅಂತ ಇದನ್ನ ನೋಡ್ಕೊಳ್ಳೋ ಗಿರೀಶ ಬರೆದು ಸಹಿ ಹಾಕ್ಯಾನೆ."

ಹನುಮಂತಪ್ಪ ಈಗ ಹತ್ತಿರ ಬಂದು ಇಣುಕಿದ. "ಹಂಗಾರೆ ಇವು ನೆಂದು ಸತ್ತೇ ಹೋಗ್ಬೇಕಿತ್ತಲ್ರೀ!"

ಮಂಗಳವಾರ ಸಂಜೆಯೇ, ಬಾತಿಯ ಕೊಂಬಿದ್ದ ಪಾಳು ಮಂಡಕ್ಕಿ ಗೋದಾಮಿನ ತಾರಸಿಯಿಂದ ಬಿದ್ದು ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ಪಂಚಾಕ್ಷರಪ್ಪ ಸತ್ತಿದ್ದರು. ಅಂಗಿಯ ಕಾಲರು ಹಿಂದಿನಿಂದ ಹರಿದಿತ್ತು. ನೆಲಕ್ಕೆ ಬಡಿದ ಕ್ಷಣದಲ್ಲೇ ಪ್ರಾಣ ಹೋಗಿದೆ ಎಂದು ಡಾಕ್ಟರು ಬರೆದಿದ್ದರು. ತಳ್ಳಿದ್ದು ಅವರ ಶಿಷ್ಯೆ ವಾಣಿ ಎಂದು ಇಡೀ ಠಾಣೆ ನಂಬಿತ್ತು. ನಂಬದೆ ಉಳಿದವಳು ಪ್ರೇಮಲತಾ ಒಬ್ಬಳೇ.

ನಂಬದಿರುವುದಕ್ಕೂ ಬಿಡಿಸುವುದಕ್ಕೂ ನಡುವೆ ಎಷ್ಟು ದೂರವಿದೆ ಎಂದು ಅವಳಿಗೆ ಇವತ್ತು ಗೊತ್ತಾಗಿತ್ತು. ಸಂಜೆಯೊಳಗೆ ವಾಣಿಯನ್ನು ಕೋರ್ಟಿಗೆ ಒಪ್ಪಿಸಬೇಕು, ಇಲ್ಲವೇ ಬಿಡಬೇಕು. ಗೋದಾಮಿನ ಮಾಲೀಕನ ಮೇಲೆ ಗುಮಾನಿಯಿತ್ತು. ಅವನು ಧರ್ಮಸ್ಥಳದ ಕ್ಯೂನಲ್ಲಿದ್ದ ಫೋಟೊ ಸಿಕ್ಕಿತು. ಬಾತಿಯ ಟೀ ಅಂಗಡಿಯವನು ಜಗಳ ಕೇಳಿಸಿತು ಅಂದ. ವಾಣಿಯ ಸ್ಕೂಟಿ ಹೋಯಿತು ಅಂದ. ಮೊದಲು ಯಾವುದು, ಆಮೇಲೆ ಯಾವುದು ಎಂದರೆ ಹಾಲು ಉಕ್ಕುತ್ತಿದೆ ಅಂದ. ಜೀಪು ದಾರಿಯಲ್ಲಿ ಒಮ್ಮೆ ಕೆಟ್ಟು ನಿಂತಿತು. ಸಾಹೇಬರು ಫೋನಿನಲ್ಲಿ, "ಇರೋ ಆರೋಪಿನ ಬಿಟ್ಟು ಇಲ್ಲದೋನ್ನ ಯಾಕ್ರೀ ಹುಡುಕ್ತೀರಿ?" ಎಂದು ನಕ್ಕರು. ಠಾಣೆಯ ಬೆಂಚಿನ ಮೇಲೆ ವಾಣಿಯ ತಾಯಿ ಮೈಲಮ್ಮ ನಿನ್ನೆಯಿಂದ ಎದ್ದಿಲ್ಲ. ಬೆಳಿಗ್ಗೆ ಹೊರಡುವಾಗ ಪ್ರೇಮಲತಾ ಆಕೆಗೆ, "ಸಂಜೆಗೆ ನಿಮ್ ಮಗಳು ಮನೆಗೆ ಬರ್ತಾಳೆ" ಎಂದುಬಿಟ್ಟಿದ್ದಳು. ಪೊಲೀಸರು ಆಡಬಾರದ ಮಾತು.

ಜೇಬಿನಲ್ಲಿ ಫೋನು ಗುಂಯ್ ಅಂದಿತು. ಮಗಳ ಸಂದೇಶ. "ಮಮ್ಮಿ, ಚಾರ್ಟ್ ಪೇಪರ್ ಹಳದೀನೇ ಬೇಕು. ಹೋದ್ಸಲದ ಥರ ಬಿಳೀದು ತರಬೇಡ."

ಅವಳು ಫೋನನ್ನು ಒಳಗೆ ತುರುಕಿದಳು.

"ಗಿರೀಶನ್ನ ಮ್ಯಾಲೆ ಕರೀರಿ."

ಗಿರೀಶ ಖಾಸಗಿ ಕಾಲೇಜೊಂದರಲ್ಲಿ ಉಪನ್ಯಾಸಕ. ಮನೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ. ಕಾಲೇಜು ಬಿಟ್ಟ ಮೇಲೆ ದಿನವೂ ಬೈಕಿನಲ್ಲಿ ಹರಿಹರಕ್ಕೆ ಬಂದು ಈ ಕೊಂಬನ್ನು ನೋಡಿಕೊಳ್ಳುವುದು ಅವನ ಪಾಲಿನ ಕೆಲಸ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮುಖದಲ್ಲಿ ಪಾಠ ಮುಗಿಸಿ ಹೊರಟವನ ಅವಸರ.

"ಮಂಗಳವಾರ ಸಂಜೆ ಎಲ್ಲಿದ್ರಿ?"

"ಎಷ್ಟು ಸಲ ಹೇಳೋದು ಮೇಡಂ? ಇಲ್ಲೇ. ಏಳು ಗಂಟೆಗೆ ಚೀಲ ಹೊದಿಸಿದೆ, ತೆಗೆದೆ, ರೆಕಾರ್ಡಿಂಗ್ ಹಾಕಿದೆ. ಲ್ಯಾಪ್‌ಟಾಪ್ ಅವತ್ತು ರಾತ್ರೀನೇ ಸೀಲ್ ಮಾಡ್ಕೊಂಡು ಹೋಗೀರಲ್ಲ, ನೋಡ್ಕಳ್ರಿ."

"ಚೀಲ ಯಾಕ ಹೊದಿಸ್ಬೇಕು? ಇವರಿಗೆ ಹೇಳ್ರಿ, ತಿಳಕೊಳ್ಲಿ."

ಗಿರೀಶ ಹನುಮಂತಪ್ಪನ ಕಡೆ ತಿರುಗಿದ. ಪಾಠದ ದನಿ ತಾನಾಗಿ ಬಂತು. "ಅಂಗಡ್ಯಾಗ ತೂಗೋಕೆ ಮುಂಚೆ ಖಾಲಿ ತಕ್ಕಡಿ ಎತ್ತಿ ತೋರಿಸ್ತಾರಲ್ಲ, ಹಂಗೆ. ಒದ್ದೆ ಚೀಲ ಮುಚ್ಚಿದ್ರೆ ಗೆರೆ ಮೆಟ್ಟಿಲಿನಂಗೆ ಮೇಲಕ್ಕೆ ಹೋಗ್ತೈತೆ, ತೆಗೆದ್ರೆ ಇಳೀತೈತೆ. ಕೊಂಬು ನೆಟ್ಟಗೈತೆ ಅಂತ ಅರ್ಥ. ಮೇಷ್ಟ್ರು ಹಾಕಿದ ಪದ್ಧತಿ ಅದು. ಚೀಲದ ಮೆಟ್ಟಿಲು ಇಲ್ದಿದ್ರೆ ಆ ದಿನದ ರೆಕಾರ್ಡನ್ನ ಅವರು ಕಣ್ಣೆತ್ತಿ ನೋಡ್ತಿರಲಿಲ್ಲ."

"ಮಂಗಳವಾರದ್ದರಾಗ ಮೆಟ್ಟಿಲು ಐತೆ."

"ಐತಲ್ಲ ಮತ್ತೆ."

"ಒದ್ದೆ ಚೀಲಾನೇ?"

"ಒದ್ದೇದೇ."

"ಇವುಗಳ ಮ್ಯಾಲೆ?"

ಟಾರ್ಚಿನ ಬೆಳಕು ಮರಿಗಳ ಮೇಲೆ ಬಿತ್ತು. ಒಂದು ಮರಿ ಬಾಯಿ ತೆರೆಯಿತು. ಗಿರೀಶ ತೆರೆದಿದ್ದ ಬಾಯಿ ಮುಚ್ಚಿದ.

ಪ್ರೇಮಲತಾ ಕಂಕುಳಲ್ಲಿದ್ದ ಎರಡು ಪ್ರಿಂಟುಗಳನ್ನು ತಾರಸಿಯ ಕಟ್ಟೆಯ ಮೇಲೆ ಹರಡಿ, ಹಾರದಂತೆ ಟಾರ್ಚು ಇಟ್ಟಳು. ಎರಡರಲ್ಲೂ ಒಂದು ಗೆರೆ ನೆಟ್ಟಗೆ ಬಂದು, ಗುಡ್ಡೆಯ ಹಾಗೆ ಉಬ್ಬಿ, ಮತ್ತೆ ಇಳಿದಿತ್ತು. ಆ ಗುಡ್ಡೆಯೇ ಜಲಜನಕ.

"ಇದು ಬಾತಿ, ಇದು ಹರಿಹರ. ಒಂದೇ ಸಂಜೆ, ಒಂದೇ ಆಕಾಶ. ಬಾತಿ ಗುಡ್ಡೆ ಎಡಕ್ಕೈತೆ, ನಿಮ್ದು ಬಲಕ್ಕೆ ಕೂತೈತೆ. ಹೆಂಗೆ?"

"ಪ್ರಿಂಟರ್ ಸರಿ ಇರ್ಲಿಕ್ಕಿಲ್ಲ."

"ಹೊಸಾ ಪ್ರಿಂಟರ್ ರೀ," ಹನುಮಂತಪ್ಪನಿಗೆ ಸಿಟ್ಟೇ ಬಂತು. "ಮೊನ್ನೆ ಆಯುಧಪೂಜೆಗೆ ಕುಂಬಳಕಾಯಿ ಒಡೆದೀವಿ."

ಈ ಗುಡ್ಡೆಯ ಗುಟ್ಟು ಪ್ರೇಮಲತಾಳಿಗೆ ತಾನಾಗಿ ಹೊಳೆದದ್ದಲ್ಲ. ಬೆಳಿಗ್ಗೆ ಠಾಣೆಯ ಒಳಕೋಣೆಯಲ್ಲಿ, ಕಾನ್‌ಸ್ಟೇಬಲ್ ಮುಮ್ತಾಜ್ ತಂದಿಟ್ಟ ಇಡ್ಲಿಯನ್ನು ಮುಟ್ಟದೆ ಕೂತಿದ್ದ ವಾಣಿಯೇ ಹೇಳಿದ್ದಳು.

"ನಿಮ್ಮ ಅಜ್ಜಾರು ಮಿಲ್ಲಾಗ ಇದ್ರು ಅಂದ್ರಲ್ಲ ಮೇಡಂ. ಗ್ಯಾಲಕ್ಸೀನೂ ಒಂದು ಮಿಲ್ಲೇ. ಜಲಜನಕ ಅದರ ಹತ್ತಿ. ಹತ್ತಿ ಇರೋತನಕ ಹೊಸ ನಕ್ಷತ್ರ ಹುಟ್ತಾವೆ. ಮುಗೀತು ಅಂದ್ರೆ ಮಿಲ್ಲು ನಿಂತಂಗೇ. ಇದ್ದ ನಕ್ಷತ್ರ ಉರಿದು ಉರಿದು ಆರೋದಷ್ಟೇ ಬಾಕಿ. ನಮ್ಮ ಆಕಾಶಗಂಗೆ ಮಿಲ್ಲು ಇನ್ನೂ ನಡೀತೈತೆ. ಯಾಕ? ಹೊರಗಿಂದ ಹತ್ತಿ ಬಂದು ಬೀಳ್ತೈತೆ. ಹಂಗೆ ಬೀಳೋ ಒಂದು ಮೋಡ ನಂಗೆ ಸಿಕ್ಕೈತೆ. ಬಾತಿ ಕೊಂಬಿನಾಗ ಮಾತ್ರ ಕಂಡ್ರೆ ಮೊಬೈಲ್ ಟವರ್ ಗಲಾಟೆ ಅಂತ ನಗ್ತಾರೆ. ಹರಿಹರದಾಗೂ ಕಂಡ್ರೇನೇ ಅದು ಆಕಾಶದ್ದು."

"ಅದಕ್ಕೆ ಮೇಷ್ಟ್ರು ನಿನ್ನ ಕೆಲಸಕ್ಕೆ ಸಹಿ ಹಾಕಲ್ಲ ಅಂದ್ರು."

"ಹೂಂ. ಇನ್ನೊಂದು ವರ್ಷ ನೋಡೋಣ ಅಂದ್ರು. ಕೂಗಾಡ್ದೆ. ಸ್ಕೂಟಿ ಹತ್ತಿ ಬಂದುಬಿಟ್ಟೆ. ಆವಾಗ ಅವರು ತಾರಸಿ ಮೇಲೇ ನಿಂತಿದ್ರು."

"ಬೇರೆ ಏನಾದ್ರೂ ಅಂದ್ರಾ?"

"ಒಂದು ಮಾತೂ ಇಲ್ಲ." ಆಮೇಲೆ ಅವಳು ತಲೆ ಎತ್ತಿದ್ದಳು. "ನನ್ನ ಕೇಳೋದು ಬಿಟ್ಟು ಹರಿಹರದ ರೆಕಾರ್ಡ್ ನೋಡ್ರಿ ಮೇಡಂ. ಮಂಗಳವಾರದ ಗುಡ್ಡೆ ಬಲಕ್ಕೆ ಕೂತೈತೆ. ಅದು ಯುಗಾದಿ ಹೊತ್ತಿನ ಗುಡ್ಡೆ, ಈಗಿಂದಲ್ಲ."

ಹೇಗೆ ಎಂದರೆ ರೈಲ್ವೆ ಗೇಟನ್ನು ನೆನಪಿಸಿದ್ದಳು. ಹಾರ್ನ್ ಹೊಡೆಯುತ್ತಾ ಬರುವ ರೈಲಿಗೆ ಒಂದು ಸ್ವರ, ದಾಟಿ ಹೋಗುವ ರೈಲಿಗೆ ಇನ್ನೊಂದು. ಇಲ್ಲಿ ಓಡುವುದು ನಾವು. ಭೂಮಿ ಸೂರ್ಯನನ್ನು ಸುತ್ತುತ್ತಾ ಯುಗಾದಿ ಹೊತ್ತಿಗೆ ಆ ಜಲಜನಕದ ಕಡೆಗೆ ಓಡುತ್ತದೆ. ಸ್ವರ ಏರಿ ಗುಡ್ಡೆ ಬಲಕ್ಕೆ ಸರಿಯುತ್ತದೆ. ದಸರಾ ಹೊತ್ತಿಗೆ ಅದರಿಂದ ದೂರ ಓಡುತ್ತದೆ, ಗುಡ್ಡೆ ಎಡಕ್ಕೆ. ತಾರೀಖನ್ನು ಯಾರು ಬೇಕಾದರೂ ತಿದ್ದಬಹುದು, ಭೂಮಿಯ ಓಟವನ್ನಲ್ಲ.

ಅದನ್ನು ಕೇಳಿದ ಮೇಲೆಯೇ ಪ್ರೇಮಲತಾ ಗಿರೀಶನ ಲ್ಯಾಪ್‌ಟಾಪಿನ ಸೀಲು ಒಡೆಸಿ ಪ್ರಿಂಟು ತೆಗೆಸಿದ್ದು. ವಾಣಿ ಅಂದ ಹಾಗೆಯೇ ಇತ್ತು.

"ಇದು ಯುಗಾದೀದು," ಎಂದಳು ಈಗ ಗಿರೀಶನಿಗೆ. "ಹಳೇ ರೆಕಾರ್ಡಿಗೆ ಹೊಸ ತಾರೀಖು. ಮಂಗಳವಾರ ಸಂಜೆ ನೀವು ಈ ಕೊಂಬಿನ ಹತ್ರ ಇರಲಿಲ್ಲ. ಇಲ್ಲಿಂದ ಬಾತಿಗೆ ಬೈಕಿನಾಗೆ ಎಷ್ಟೊತ್ತು ಬೇಕು?"

ಗಿರೀಶ ಕಟ್ಟೆಯ ಮೇಲೆ ಕುಸಿದು ಕೂತ. ಇಸ್ತ್ರಿಯ ಗೆರೆಗೆ ಸುಣ್ಣ ಮೆತ್ತಿತು.

ಎರಡು ದಿನದಲ್ಲಿ ಮೊದಲ ಸಲ ಪ್ರೇಮಲತಾಳ ಭುಜ ಹಗುರವಾಯಿತು. ಫೋನು ತೆಗೆದು ಮುಮ್ತಾಜ್‌ಗೆ ಹೇಳಿದಳು. "ಮೈಲಮ್ಮನಿಗೆ ಹೇಳು, ಬಟ್ಟೆ ಗಂಟು ಕಟ್ಕೊಳ್ಲಿ. ಇನ್ನೊಂದು ಹತ್ತು ನಿಮಿಷಕ್ಕೆ ಫೋನ್ ಮಾಡ್ತೀನಿ."

"ಹಳೇದು ಅನ್ನೋದು ಖರೆ," ಗಿರೀಶ ನೆಲ ನೋಡುತ್ತಾ ಅಂದ. "ಆದ್ರೆ ನಾನು ಬಾತಿಗೆ ಹೋಗಿಲ್ಲ ಮೇಡಂ. ಕೆಳಗಿದ್ದೆ. ಅಜ್ಜಿನ ಕೇಳ್ರಿ."

ಕೇಳುವ ಅಗತ್ಯವೇ ಬೀಳಲಿಲ್ಲ. ಅಂಜಿನವ್ವ ಆಗಲೇ ಮೆಟ್ಟಿಲು ಹತ್ತಿ ಬರುತ್ತಿದ್ದಳು, ಒಂದು ಕೈ ಮೊಣಕಾಲ ಮೇಲೆ, ಇನ್ನೊಂದು ಗೋಡೆಯ ಮೇಲೆ.

"ಯಾರವ್ವಾ ಅದು ಮರಿ ಹತ್ರ ಒದರಾಡಾದು? ತಾಯಿ ಹಕ್ಕಿ ಬಿಟ್ಟೋದ್ರೆ ನೀ ಬಂದು ಗುಟುಕು ಕೊಡ್ತೀಯಾ?"

"ಅಜ್ಜೀ, ಪೊಲೀಸಿನೋರು..." ಎಂದ ಹನುಮಂತಪ್ಪ.

"ಪೊಲೀಸಿನೋರಾದ್ರೆ ಬಾಯಿ ಸಣ್ಣಗಿರಬಾರ್ದು ಅಂತ ಐತೇನು? ಮಗಳು ಬಸುರಿ ಮನ್ಯಾಗೈದಾಳೆ. ಬಸುರಿ ಇರೋ ಮನ್ಯಾಗ ಗೂಡು ಕೆಡಿಸಬಾರ್ದು. ಮೊಟ್ಟಿ ಇಟ್ಟಾಗ್ಲಿಂದ ಈ ಗಿರೀಶಪ್ಪಂಗೂ ಲಾಳಿಕೆ ಮುಟ್ಟಾಕೆ ಬಿಟ್ಟಿಲ್ಲ ನಾನು."

ಪ್ರೇಮಲತಾ ನಿಧಾನವಾಗಿ ಕೇಳಿದಳು. "ಅವ್ವಾ, ಮಂಗಳವಾರ ಸಂಜೆ ಗಿರೀಶ ಎಲ್ಲಿದ್ರು?"

"ನನ್ ಮುಂದೇ ಕುಂತಿದ್ದ. ಶೇಂಗಾ ಸುಲೀತಿದ್ವಿ. ಸುಲೀತಾ ಸುಲೀತಾ ಅಳ್ತಿದ್ದ. ಯಾಕೋ ತಮ್ಮಾ ಅಂದ್ರೆ ಹೇಳವಲ್ಲ. ಹೆಂಡತಿ ಕೂಡ ಏನೋ ಆಗೈತೆ ಅಂದ್ಕಂಡು ನಾನೂ ಸುಮ್ಕಾದೆ. ಮೇಷ್ಟ್ರು ಬಿದ್ರು ಅಂತ ಫೋನ್ ಬಂದಾಗ ಇನ್ನೂ ಅರ್ಧ ಮೊರ ಸುಲಿಯೋದಿತ್ತು."

"ಅವತ್ತು ನಮ್ಮೋರು ಬಂದಾಗ ಇದನ್ನ ಯಾಕ ಹೇಳ್ಲಿಲ್ಲ?"

"ಇವ ಕೇಳಿದ್ದು, ಗಿರೀಶ ಮ್ಯಾಲೆ ಕೆಲಸ ಮಾಡ್ತಾನಾ ಅಂತ. ದಿನಾ ಮಾಡ್ತಾನಪ್ಪಾ ಅಂದೆ." ಅಂಜಿನವ್ವ ಹನುಮಂತಪ್ಪನ ಕಡೆ ಗದ್ದ ಎತ್ತಿದಳು. "ಅಳ್ತಿದ್ನಾ ಅಂತ ಕೇಳಿದ್ರೆ ಅದನ್ನೂ ಹೇಳ್ತಿದ್ದೆ. ಪಕ್ಕದ ಮನೇರೂ ನೋಡ್ಯಾರೆ ಕೇಳ್ಕೋ."

ಹನುಮಂತಪ್ಪ ಆಕಾಶದ ಕಡೆ ನೋಡತೊಡಗಿದ. ಪ್ರೇಮಲತಾಳಿಗೆ ಎದುರಿನ ಟ್ಯಾಂಕಿಗೆ ಹೋಗಿ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಬೆಳಗಿನಿಂದ ಬೆನ್ನು ಹತ್ತಿದ ಸುಳ್ಳು ಕೈಗೆ ಸಿಕ್ಕಿತ್ತು. ಕೊಲೆಗಾರ ಸಿಕ್ಕಿರಲಿಲ್ಲ.

"ಇಷ್ಟು ದೊಡ್ಡ ಸಾಕ್ಷಿ ಕೆಳಗೇ ಇಟ್ಕೊಂಡು ಸುಳ್ಳು ರೆಕಾರ್ಡ್ ಯಾಕ್ರೀ ತೋರಿಸ್ದಿರಿ?" ಅವಳು ಗಿರೀಶನ ಮೇಲೆ ಹರಿಹಾಯ್ದಳು, ದನಿ ಮಾತ್ರ ತಗ್ಗಿಸಿ.

"ಕೆಳಗಿದ್ದೆ ಅಂದ್ರೆ, ಮ್ಯಾಲಿಂದು ಯಾರು ಮಾಡಿದ್ರು ಅಂತ ಕೇಳ್ತೀರಿ. ಆಗ ಎಲ್ಲಾ ಬಿಚ್ಕೊಳ್ತೈತೆ. ಕೆಲಸ ಹೋಗ್ತೈತೆ." ಅವನು ಮುಖ ಒರೆಸಿಕೊಂಡ. "ಮಾಡ್ಲಿ ಏನು ಮೇಡಂ? ಅಜ್ಜಿ ಬಿಡಲ್ಲ. ಕೊಂಬು ಕಿತ್ತು ಬೇರೆ ಕಡೆ ಇಟ್ರೆ ಅಳತೆ ಎಲ್ಲಾ ಮೊದಲಿಂದ. ಆ ಕಡೆ ವಾಣಿ ದಿನಾ ಫೋನು. ಇವತ್ತಿಂದು ಬಂತಾ, ಇವತ್ತಿಂದು ಬಂತಾ. ಮರಿ ಹಾರೋತನಕ ಅಂತ ಯುಗಾದಿ ಹೊತ್ತಿಂದು ತೆಗೆದು, ಗುಡ್ಡೆ ಎಡಕ್ಕೆ ಸರಿಸಿ, ಹೊಸ ತಾರೀಖು ಹಾಕ್ತಾ ಹೋದೆ. ಶನಿವಾರಕ್ಕೊಮ್ಮೆ ಪೆನ್‌ಡ್ರೈವಿನಾಗೆ ವಾಣಿಗೆ ಕೊಡ್ತಿದ್ದೆ. ಅವಳಿಗೆ ಅನುಮಾನಾನೇ ಬರಲಿಲ್ಲ."

"ಸರಿಸಿ ಅಂದ್ರಿ. ಮಂಗಳವಾರದ್ದು ಸರಿಸಿಲ್ಲವಲ್ಲ?"

ಹೊಳೆಯ ಕಡೆಯಿಂದ ಗಾಳಿ ಬಂದು ಪ್ರಿಂಟುಗಳ ಅಂಚು ಪಟಪಟ ಬಡಿಯಿತು.

"ತಡಕೊಳ್ಳಾಕೆ ಆಗ್ಲಿಲ್ಲ. ಮಂಗಳವಾರ ಮಧ್ಯಾಹ್ನ ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲಾ ಒಪ್ಕೊಂಡೆ. ಬಯ್ತಾರೆ ಅಂದ್ಕೊಂಡಿದ್ದೆ. ಬಯ್ಲಿಲ್ಲ. 'ಇವತ್ತು ಗುಡ್ಡೆ ಸರಿಸಬ್ಯಾಡ, ಇದ್ದಂಗೇ ಹಾಕು. ಶನಿವಾರ ವಾಣಿ ಅದನ್ನ ನೋಡ್ತಾಳೆ. ತಾನಾಗೇ ಬಂದು ಇದು ಸುಳ್ಳು ಅಂತ ನಂಗೆ ಹೇಳ್ತಾಳೋ, ಮುಚ್ಚಿಟ್ಕೊಂತಾಳೋ ನೋಡೋಣ. ಹೇಳಿದ್ರೆ ಅವತ್ತೇ ಅವಳ ಕೆಲಸಕ್ಕೆ ಸಹಿ ಹಾಕ್ತೀನಿ' ಅಂದ್ರು."

"ಈ ಮಾತು ಇನ್ಯಾರಿಗೆ ಗೊತ್ತಿತ್ತು?"

"ಮೇಷ್ಟ್ರಿಗೆ, ನನಗೆ. ಅಷ್ಟೇ."

"ವಾಣಿಗೆ ನೀವು ಹೇಳಿದ್ರಾ?"

"ಯಾವ ಮುಖ ಇಟ್ಕೊಂಡು ಹೇಳ್ಲಿ?"

ಪ್ರೇಮಲತಾ ಟಾರ್ಚು ಎತ್ತಿಕೊಂಡಳು. ಬಲಕ್ಕೆ ಕೂತ ಗುಡ್ಡೆಯ ಪ್ರಿಂಟು ಗಾಳಿಗೆ ಎದ್ದಿತು. ಹಿಡಿಯಲು ಚಾಚಿದ ಕೈ ಅರ್ಧದಲ್ಲೇ ನಿಂತುಬಿಟ್ಟಿತು.

ಲ್ಯಾಪ್‌ಟಾಪು ಮಂಗಳವಾರ ರಾತ್ರಿಯಿಂದ ಠಾಣೆಯ ಕಪಾಟಿನಲ್ಲಿ ಸೀಲಾಗಿ ಕೂತಿತ್ತು. ಶನಿವಾರ ಇನ್ನೂ ಬಂದೇ ಇಲ್ಲ. ಆ ಗೆರೆಯನ್ನು ವಾಣಿ ಕಣ್ಣಿನಿಂದ ನೋಡಿಲ್ಲ. ನೋಡಲು ಸಾಧ್ಯವೇ ಇರಲಿಲ್ಲ. ಆದರೂ ಬೆಳಿಗ್ಗೆ ಅವಳು, ನೋಡ್ರಿ, ಬಲಕ್ಕೆ ಕೂತಿರಬಹುದು ಅನ್ನಲಿಲ್ಲ.

ಬಲಕ್ಕೆ ಕೂತೈತೆ ಅಂದಳು.

"ಮೇಡಂ?" ಹನುಮಂತಪ್ಪ ಹಾರಿದ ಪ್ರಿಂಟನ್ನು ಹಿಡಿದು ತಂದ. "ಹುಷಾರಿದೀರಾ? ನೀರು ತರ್ಲಾ?"

ಅಷ್ಟರಲ್ಲಿ ಫೋನು ಬಂತು. ಮುಮ್ತಾಜ್.

"ಮೇಡಂ, ಸಾಹೇಬ್ರು ಎರಡು ಸಲ ಕೇಳಿದ್ರು. ಕೋರ್ಟಿಗೋ, ಮನೆಗೋ? ಮೈಲಮ್ಮಾರು ಗಂಟು ಹಿಡ್ಕೊಂಡು ಬಾಗಿಲಾಗ ನಿಂತುಬಿಟ್ಟಾರೆ. ನಿಮ್ಮ ಮೇಡಂ ದೇವರಂಥೋರು ಅಂತ ನನ್ ಕೈ ಹಿಡ್ಕೊಂಡು ಅಳ್ತಿದಾರೆ. ಏನು ಹೇಳ್ಲಿ?"

"ಏನೂ ಹೇಳಬ್ಯಾಡ. ಒಳಗೆ ಹೋಗಿ ವಾಣಿ ಕೈಗೆ ಫೋನ್ ಕೊಡು."

ಕುರ್ಚಿ ಸರಿದ ಸದ್ದು. ಬಾಗಿಲು. ಆಮೇಲೆ ಉಸಿರು.

"ಸಿಕ್ಕಿತಾ ಮೇಡಂ? ಗುಡ್ಡೆ ಬಲಕ್ಕೇ ಇತ್ತಲ್ಲ?" ವಾಣಿಯ ದನಿಯಲ್ಲಿ ಆಸೆ ತುಂಬಿತ್ತು.

"ಇತ್ತು. ಬಲಕ್ಕೈತೆ ಅಂತ ನಿಂಗೆ ಹೇಳಿದ್ದು ಯಾರು?"

ಆ ಕಡೆ ಕುರ್ಚಿ ಮತ್ತೆ ಕಿರುಗುಟ್ಟಿತು.

"ಗಿರೀಶ ಹೇಳಿಲ್ಲ. ರೆಕಾರ್ಡು ನೀನು ನೋಡಿಲ್ಲ. ಉಳಿದದ್ದು ಮೇಷ್ಟ್ರು ಒಬ್ರೇ. ಅವತ್ತು ತಾರಸಿ ಮೇಲೆ ಅವರು ಬೇರೆ ಒಂದು ಮಾತೂ ಆಡಲಿಲ್ಲ ಅಂದೆ."

"ಸುಳ್ಳಲ್ಲ ಮೇಡಂ ಅದು." ವಾಣಿಯ ದನಿ ಈಗ ಎಷ್ಟು ಸಣ್ಣಗಾಗಿತ್ತೆಂದರೆ ಪ್ರೇಮಲತಾ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಳ್ಳಬೇಕಾಯಿತು. "ತಾರಸಿ ಮೇಲೆ ಆಡಲಿಲ್ಲ. ಮೇಷ್ಟ್ರು ಹೇಳಿದ್ದು... ಕೆಳಗೆ ಬಿದ್ದ ಮೇಲೆ."

ಅವರು ತಾರಸಿ ಮೇಲೆ ನಿಂತಿದ್ದಾಗಲೇ ಸ್ಕೂಟಿ ಹತ್ತಿ ಬಂದೆ ಅಂದಿದ್ದವಳೂ ಇವಳೇ. ನೆಲಕ್ಕೆ ಬಡಿದ ಕ್ಷಣದಲ್ಲೇ ಪ್ರಾಣ ಹೋಗಿದೆ ಎಂದು ಡಾಕ್ಟರು ಬರೆದ ಹಾಳೆ ಪ್ರೇಮಲತಾಳ ಬ್ಯಾಗಿನಲ್ಲೇ ಇತ್ತು.